ಪುಸ್ತಕ ಇದೆ, ಆದರೆ ಸಿಗುತ್ತಿಲ್ಲ!

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರ‍್ಯಾಕುಗಟ್ಟಲೆ ಪುಸ್ತಕ. ಕಂಪ್ಯೂಟರ್ ಮಾತ್ರ ‘ನೋ ರಿಸಲ್ಟ್ಸ್’ ಎನ್ನುತ್ತದೆ. ಹುಡುಕುವವರು ಒಂದು ಮಾತು ಬಳಸುತ್ತಾರೆ, ಪಟ್ಟಿ ಮಾಡಿದವರು ಇನ್ನೊಂದು ಮಾತು ಬಳಸಿರುತ್ತಾರೆ. ಇವೆರಡನ್ನೂ ಹೊಂದಿಸುವುದು ಹೇಗೆ?

‘ಸರ್, ಕೆರೆ ಬಗ್ಗೆ ಬುಕ್ಸ್ ಇದ್ಯಾ? ಸಿಸ್ಟಂನಲ್ಲಿ ಏನೂ ಬರ್ತಿಲ್ಲ.’

‘ಯಾವ ಕೆರೆ ಬಗ್ಗೆಮ್ಮಾ?’

‘ಇಂಥದ್ದೇ ಅಂತಲ್ಲ ಸರ್. ಹಳೆ ಮೈಸೂರು ಕಡೆ ಊರಿನವರು ಕೆರೆಗಳನ್ನ ಹೆಂಗೆ ನೋಡ್ಕೋತಿದ್ರು, ಬ್ರಿಟಿಷರು ಬಂದ್ಮೇಲೆ ಏನಾಯ್ತು ಅಂತ. ಪ್ರಾಜೆಕ್ಟ್‌ಗೆ ಬೇಕಿತ್ತು.’

‘ಹಂಗೆ ಹೇಳು ಮತ್ತೆ. ಇರಿಗೇಷನ್ ಅಂತ ಹಾಕಿ ನೋಡಿದ್ಯಾ?’

ನಮ್ಮ ಯಾವ ವಿಶ್ವವಿದ್ಯಾಲಯದ ಗ್ರಂಥಾಲಯದ ಕೌಂಟರಿನಲ್ಲಾದರೂ ಕೇಳಿಬರಬಹುದಾದ ಮಾತುಕತೆ ಇದು. ಗ್ರಂಥಪಾಲಕರು ಇಲ್ಲಿ ಮಾಡಿದ್ದು ಎರಡೇ ಕೆಲಸ. ಮೊದಲು ಪ್ರಶ್ನೆಯನ್ನು ಬಿಡಿಸಿ ಕೇಳಿದರು. ಆಮೇಲೆ ವಿದ್ಯಾರ್ಥಿನಿಯ ಮಾತನ್ನು ಪಕ್ಕಕ್ಕಿಟ್ಟು ಕ್ಯಾಟಲಾಗಿನ ಮಾತನ್ನು ಮುಂದಿಟ್ಟರು. ಕ್ಯಾಟಲಾಗ್ ಹುಡುಕುವ ವಿದ್ಯೆ ಬಹುಪಾಲು ಇಷ್ಟೇ. ಮಿಕ್ಕಿದ್ದೆಲ್ಲ ಇದರ ವಿವರಣೆ.

ಓಪ್ಯಾಕ್ ಎಂದರೆ ಗೂಗಲ್ ಅಲ್ಲ

ಗ್ರಂಥಾಲಯದ ಹುಡುಕು ಪೆಟ್ಟಿಗೆಗೆ ಓಪ್ಯಾಕ್ ಎಂದು ಹೆಸರು. ಆನ್‌ಲೈನ್ ಪಬ್ಲಿಕ್ ಆಕ್ಸೆಸ್ ಕ್ಯಾಟಲಾಗ್ ಎಂಬುದರ ಹ್ರಸ್ವರೂಪ. ಕೋಹಾ, ಸೋಲ್, ಲಿಬ್‌ಸಿಸ್, ಇ-ಗ್ರಂಥಾಲಯ ಹೀಗೆ ಹಿಂದೆ ಕೆಲಸ ಮಾಡುವ ಸಾಫ್ಟ್‌ವೇರ್ ಯಾವುದೇ ಇರಲಿ, ಮುಂದೆ ಕಾಣುವುದು ಅದೇ ಖಾಲಿ ಪೆಟ್ಟಿಗೆ. ನೋಡಲು ಗೂಗಲ್‌ನಂತೆಯೇ ಇರುವುದರಿಂದ ಜನ ಗೂಗಲ್‌ಗೆ ಕೇಳಿದ ಹಾಗೆಯೇ ಇದನ್ನೂ ಕೇಳುತ್ತಾರೆ. ಎಡವುವುದು ಅಲ್ಲೇ.

ಗೂಗಲ್ ಪುಟದ ಒಳಗಿನ ಮಾತನ್ನು ಓದುತ್ತದೆ, ಕಾಗುಣಿತ ತಪ್ಪಿದರೆ ತಾನೇ ಊಹಿಸಿಕೊಳ್ಳುತ್ತದೆ. ಓಪ್ಯಾಕ್‌ಗೆ ಪುಸ್ತಕದ ಒಳಗೇನಿದೆ ಎಂಬುದು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಆ ಪುಸ್ತಕದ ಬಗ್ಗೆ ಗ್ರಂಥಾಲಯದ ಸಿಬ್ಬಂದಿ ಟೈಪ್ ಮಾಡಿಟ್ಟ ಕೆಲವು ಸಾಲುಗಳು ಮಾತ್ರ. ನಾನೂರು ಪುಟದ ಪುಸ್ತಕದಲ್ಲಿ ಪುಟಪುಟಕ್ಕೂ ಕೆರೆಯ ಪ್ರಸ್ತಾಪ ಇರಬಹುದು. ಶೀರ್ಷಿಕೆಯಲ್ಲೋ ವಿಷಯದ ಸಾಲಿನಲ್ಲೋ ಆ ಪದ ಇಲ್ಲದಿದ್ದರೆ ಓಪ್ಯಾಕ್ ಪಾಲಿಗೆ ಆ ಪುಸ್ತಕಕ್ಕೂ ಕೆರೆಗೂ ಸಂಬಂಧವೇ ಇಲ್ಲ.

ಆ ಸಾಲುಗಳು ಹೇಗಿರುತ್ತವೆ ಎಂದು ಒಮ್ಮೆ ಕಣ್ಣಾರೆ ನೋಡಿಬಿಡುವುದು ಒಳ್ಳೆಯದು. ಕೋಹಾ ಬಳಸುವ ಗ್ರಂಥಾಲಯಗಳಲ್ಲಿ ಪುಸ್ತಕದ ವಿವರದ ಮೇಲೆ ‘ಮಾರ್ಕ್ ವ್ಯೂ’ ಎಂಬ ಕೊಂಡಿ ಇರುತ್ತದೆ. ಒತ್ತಿದರೆ ಮೂರಂಕಿಯ ಸಂಖ್ಯೆಗಳ ಸಾಲು ತೆರೆದುಕೊಳ್ಳುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳಿ. 100 ಎಂಬಲ್ಲಿ ಲೇಖಕರ ಹೆಸರು. 245ರಲ್ಲಿ ಶೀರ್ಷಿಕೆ. 082ರಲ್ಲಿ ಡ್ಯೂಯಿ ವರ್ಗಾಂಕ. ಕನ್ನಡ ಕಾದಂಬರಿಗೆ ಅದು 894.8143. 650ರಲ್ಲಿ ವಿಷಯ. ಅನುವಾದಕರೋ ಸಂಪಾದಕರೋ ಇದ್ದರೆ ಅವರು 700ರಲ್ಲಿ. ಅದೇ ಮಾಹಿತಿಯನ್ನು ಇನ್ನೊಂದು ಲಿಪಿಯಲ್ಲೂ ಕೊಟ್ಟಿದ್ದರೆ ಅದು 880ರಲ್ಲಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1960ರ ದಶಕದಲ್ಲಿ ಹೆನ್ರಿಯೆಟ್ ಅವ್ರಮ್ ಎಂಬ ಪ್ರೋಗ್ರಾಮರ್ ನೇತೃತ್ವದಲ್ಲಿ ರೂಪುಗೊಂಡ ಈ ಮಾರ್ಕ್ ಪದ್ಧತಿಯೇ ಇವತ್ತಿಗೂ ಜಗತ್ತಿನ ಬಹುತೇಕ ವಿಶ್ವವಿದ್ಯಾಲಯಗಳ ಕ್ಯಾಟಲಾಗುಗಳ ಬೆನ್ನೆಲುಬು.

ಇದನ್ನು ಬಾಯಿಪಾಠ ಮಾಡಬೇಕಿಲ್ಲ. ತಿಳಿದಿರಬೇಕಾದ್ದು ಇಷ್ಟು: ನೀವು ‘ಟೈಟಲ್’ ಎಂದು ಆರಿಸಿದರೆ ಯಂತ್ರ ನೋಡುವುದು ಶೀರ್ಷಿಕೆಯ ಸಾಲುಗಳನ್ನು ಮಾತ್ರ. ‘ಸಬ್ಜೆಕ್ಟ್’ ಎಂದರೆ ವಿಷಯದ ಸಾಲು ಮಾತ್ರ. ‘ಕೀವರ್ಡ್’ ಎಂದರೆ ಹೆಚ್ಚುಕಡಿಮೆ ಎಲ್ಲ ಸಾಲುಗಳೂ. ಲೇಖಕರ ಹೆಸರನ್ನು ‘ಟೈಟಲ್’ ಪೆಟ್ಟಿಗೆಯಲ್ಲಿ ಹಾಕಿ ‘ಇಲ್ಲ’ ಎಂಬ ಉತ್ತರ ಪಡೆದು ಎದ್ದು ಹೋಗುವವರು ಕಡಿಮೆಯೇನಲ್ಲ. ಯಂತ್ರ ಸುಳ್ಳು ಹೇಳಿರುವುದಿಲ್ಲ. ಕೇಳಿದ ಜಾಗದಲ್ಲಿ ಅದಿರಲಿಲ್ಲ, ಅಷ್ಟೆ.

ಹೆಸರಿನ ಗೋಜಲು

ಹುಡುಕಾಟದಲ್ಲಿ ಎರಡು ಬಗೆ. ಇಂಥ ಪುಸ್ತಕವೇ ಬೇಕು ಎಂದು ಗೊತ್ತಿರುವುದು ಒಂದು. ಒಂದು ವಿಷಯದ ಮೇಲೆ ಏನೇನಿದೆ ಎಂದು ನೋಡುವುದು ಇನ್ನೊಂದು. ಅಮೆರಿಕದ ಗ್ರಂಥಪಾಲಕ ಚಾರ್ಲ್ಸ್ ಕಟರ್ 1876ರಲ್ಲೇ ತಮ್ಮ ನಿಯಮಾವಳಿಯಲ್ಲಿ ಕ್ಯಾಟಲಾಗ್ ಈ ಎರಡೂ ಕೆಲಸ ಮಾಡಬೇಕು ಎಂದು ಬರೆದಿಟ್ಟಿದ್ದರು.

ಮೊದಲನೆಯದು ಸುಲಭ ಎನಿಸುತ್ತದೆ. ಆದರೆ ಕನ್ನಡದಲ್ಲಿ ಅದಕ್ಕೂ ಅದರದೇ ತಾಪತ್ರಯ. ನಮ್ಮ ಲೇಖಕರಲ್ಲಿ ಅರ್ಧಕ್ಕರ್ಧ ಮಂದಿಗೆ ಕಾವ್ಯನಾಮ. ಬೇಂದ್ರೆ ‘ಅಂಬಿಕಾತನಯದತ್ತ’ರ ಹೆಸರಲ್ಲಿರಬಹುದು, ಮಾಸ್ತಿ ‘ಶ್ರೀನಿವಾಸ’ರ ಹೆಸರಲ್ಲಿರಬಹುದು. ಆದ್ಯ ರಂಗಾಚಾರ್ಯರೇ ಶ್ರೀರಂಗ, ಅನಸೂಯಾ ಶಂಕರ್ ಅವರೇ ತ್ರಿವೇಣಿ, ಕುಳಕುಂದ ಶಿವರಾಯರೇ ನಿರಂಜನ, ನಂದಳಿಕೆ ಲಕ್ಷ್ಮೀನಾರಣಪ್ಪನೇ ಮುದ್ದಣ. ಪಕ್ಕಾ ಕೆಲಸ ಮಾಡಿದ ಕ್ಯಾಟಲಾಗಿನಲ್ಲಿ ಒಂದು ಹೆಸರನ್ನು ಅಧಿಕೃತ ಎಂದು ಇಟ್ಟುಕೊಂಡು ಉಳಿದವುಗಳಿಂದ ಅದಕ್ಕೆ ದಾರಿ ತೋರಿಸಿರುತ್ತಾರೆ, ‘ಪುಟ್ಟಪ್ಪ ಕೆ.ವಿ., ನೋಡಿ: ಕುವೆಂಪು’ ಎನ್ನುವ ಹಾಗೆ. ಎಲ್ಲ ಕಡೆಯೂ ಆ ಭಾಗ್ಯ ಇರುವುದಿಲ್ಲ. ಒಂದು ಹೆಸರಲ್ಲಿ ನಾಲ್ಕೇ ಪುಸ್ತಕ ಬಂದರೆ ಇನ್ನೊಂದು ಹೆಸರನ್ನೂ ಹಾಕಿ ನೋಡುವುದು ಲೇಸು.

ಮುಂದಿನದು ಇನಿಷಿಯಲ್. ‘ಎಸ್.ಎಲ್. ಭೈರಪ್ಪ’ ಎಂದು ಚುಕ್ಕಿ ಇಟ್ಟು, ಜಾಗ ಬಿಟ್ಟು, ಕೂಡಿಸಿ, ಹಿಂದುಮುಂದಾಗಿಸಿ ಹೇಗೆ ಬೇಕಾದರೂ ಬರೆದಿರಬಹುದು. ಆದ್ದರಿಂದ ಇನಿಷಿಯಲ್ ಬಿಟ್ಟು ‘ಭೈರಪ್ಪ’ ಎಂದಷ್ಟೇ ಹಾಕಿ. ಜೊತೆಗೆ ಶೀರ್ಷಿಕೆಯ ಒಂದು ಗಟ್ಟಿ ಪದ ಸೇರಿಸಿ. ಪೂರ್ತಿ ಶೀರ್ಷಿಕೆ ಟೈಪ್ ಮಾಡುವುದಕ್ಕಿಂತ ಲೇಖಕರ ಹೆಸರಿನ ಒಂದು ಪದ, ಶೀರ್ಷಿಕೆಯ ಒಂದು ಪದ ಬೇಗ ಕೆಲಸ ಮಾಡುತ್ತವೆ. ಟೈಪ್ ಮಾಡಿದ್ದು ಕಡಿಮೆಯಾದಷ್ಟೂ ತಪ್ಪಿಗೆ ಎಡೆ ಕಡಿಮೆ.

ಕನ್ನಡದಲ್ಲಿ ಟೈಪ್ ಮಾಡುವ ಮುನ್ನ

ಇನ್ನು ಕನ್ನಡ ಲಿಪಿಯಲ್ಲೇ ಹುಡುಕುವವರಿಗೆ ಕೆಲವು ಗುಟ್ಟುಗಳು ಗೊತ್ತಿರಬೇಕು.

ಒಂದು: ನಕ್ಷತ್ರ ಚಿಹ್ನೆ. ಪದದ ಕೊನೆಗೆ ಅದನ್ನು ಹಾಕಿದರೆ ‘ಹೀಗೆ ಶುರುವಾಗುವುದೆಲ್ಲ ಬರಲಿ’ ಎಂದರ್ಥ. ಬಹುತೇಕ ಓಪ್ಯಾಕ್‌ಗಳು ಇದನ್ನು ಒಪ್ಪುತ್ತವೆ. ಪ್ರತ್ಯಯಗಳ ಭಾಷೆಯಾದ ಕನ್ನಡಕ್ಕೆ ಇದಿಲ್ಲದೆ ನಡೆಯದು. ‘ವಚನ*’ ಎಂದರೆ ವಚನಗಳು, ವಚನಕಾರರು, ವಚನಸಾಹಿತ್ಯ ಎಲ್ಲವೂ ಬರುತ್ತವೆ. ಆದರೆ ಪದವನ್ನು ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ ಜಾಣ್ಮೆ ಇದೆ. ‘ಕಾಡು*’ ಎಂದು ಹಾಕಿದರೆ ‘ಕಾಡಿನ’ ಎಂಬುದು ತಪ್ಪಿಹೋಗುತ್ತದೆ. ‘ಕಾಡ*’ ಎಂದು ಹಾಕಿ, ಎರಡೂ ಸಿಗುತ್ತವೆ. ಯೂನಿಕೋಡ್‌ನಲ್ಲಿ ‘ಡು’ ಎಂಬುದು ಒಂದಕ್ಷರವಲ್ಲ. ‘ಡ’ ಮೊದಲು, ಅದರ ಹಿಂದೆ ಕೊಂಬು. ಕೊಂಬು, ಗುಡಿಸು, ಏತ್ವಗಳನ್ನು ಕಳಚಿ ಬರಿಯ ವ್ಯಂಜನದಲ್ಲಿ ನಿಲ್ಲಿಸಿದರೆ ಇಡೀ ಕಾಗುಣಿತ ಬಲೆಗೆ ಬೀಳುತ್ತದೆ. ‘ಗಿರೀಶ ಕಾರ್ನಾಡ’ ಎಂದು ಅಚ್ಚಾದ ಪುಸ್ತಕಗಳೂ ಇವೆ, ‘ಗಿರೀಶ್ ಕಾರ್ನಾಡ್’ ಎಂದು ಅಚ್ಚಾದವೂ ಇವೆ. ‘ಕಾರ್ನಾಡ*’ ಎಂದರೆ ಎರಡೂ ಬರುತ್ತವೆ.

ಎರಡು: ಕಣ್ಣಿಗೆ ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯಲು ‘ಜ್’ ಮತ್ತು ‘ಕು’ ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಕೂತಿರುತ್ತದೆ. ದಾಖಲೆಯಲ್ಲಿ ಅದಿದ್ದು ನೀವು ಟೈಪ್ ಮಾಡಿದ್ದರಲ್ಲಿ ಇಲ್ಲದಿದ್ದರೆ ಕೆಲವು ಯಂತ್ರಗಳ ಲೆಕ್ಕದಲ್ಲಿ ಎರಡೂ ಬೇರೆ ಪದ. ಇಂಥ ಕಡೆ ನಕ್ಷತ್ರ ಹಾಕಿ ‘ರಾಜ*’ ಎಂದು ಮೊದಲೇ ನಿಲ್ಲಿಸಿಬಿಡುವುದು ಸುರಕ್ಷಿತ.

ಮೂರು: ಕೂಡಿಸಿ ಬರೆಯುವುದು, ಬಿಡಿಸಿ ಬರೆಯುವುದು. ‘ಚೋಮನ ದುಡಿ’ಯೋ ‘ಚೋಮನದುಡಿ’ಯೋ? ‘ಕರ್ನಾಟಕ’ವೋ ‘ಕರ್ಣಾಟಕ’ವೋ? ‘ಜಾನಪದ’ವೋ ‘ಜನಪದ’ವೋ? ಶೀರ್ಷಿಕೆ ಪುಟದಲ್ಲಿ ಇದ್ದಂತೆ ನಮೂದಿಸುವುದು ಕ್ಯಾಟಲಾಗ್ ಮಾಡುವವರ ನಿಯಮ. ಆದ್ದರಿಂದ ಎಲ್ಲ ರೂಪಗಳೂ ಒಂದೇ ಗ್ರಂಥಾಲಯದಲ್ಲಿ ಇದ್ದೇ ಇರುತ್ತವೆ.

ನಾಲ್ಕು: ಕನ್ನಡ ಪುಸ್ತಕ ಇಂಗ್ಲಿಷ್ ಅಕ್ಷರದಲ್ಲಿ ಅಡಗಿರಬಹುದು. ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ನೆಲೆಯೂರುವ ಮುಂಚೆ ಪಟ್ಟಿ ಮಾಡಿದ ಎಷ್ಟೋ ಪುಸ್ತಕಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿವೆ. ಇಲ್ಲಿನ ಗ್ರಂಥಾಲಯಗಳಲ್ಲಿ ಅದಕ್ಕೆ ಗೊತ್ತಾದ ಪದ್ಧತಿ ಇದ್ದಿರಲಾರದು. ಟೈಪ್ ಮಾಡಿದವರಿಗೆ ತೋಚಿದಂತೆ ಇರುತ್ತದೆ. ಅಮೆರಿಕದ ಕ್ಯಾಟಲಾಗುಗಳಲ್ಲಿ ಮಾತ್ರ ಕಟ್ಟುನಿಟ್ಟಿನ ಪದ್ಧತಿ. ಅಲ್ಲಿ ‘ಚ’ಗೆ ಬರಿಯ ‘ಸಿ’. ‘ಸಿ’ ಪಕ್ಕ ‘ಎಚ್’ ಸೇರಿಸಿದರೆ ಅದು ‘ಛ’ ಆಗುತ್ತದೆ. ‘ಶ’ಗೆ ಎಸ್ ಮೇಲೊಂದು ಗೀಟು, ಎಚ್ ಇಲ್ಲ. ಹಾಗಾಗಿ ನಮಗೆ ರೂಢಿಯಾದಂತೆ ಸಿ-ಎಚ್ ಹಾಕಿ ‘ಚೋಮನ ದುಡಿ’ ಹುಡುಕಿದರೆ ಅಲ್ಲಿ ಶೀರ್ಷಿಕೆ ಸಿಗದೇ ಹೋಗಬಹುದು. ಎಚ್ ತೆಗೆದು ನೋಡಿದರೆ ಸಿಕ್ಕೀತು. ದೀರ್ಘದ ಗೀಟು, ಅಕ್ಷರದ ಕೆಳಗಿನ ಚುಕ್ಕಿಗಳನ್ನು ಸಾಮಾನ್ಯವಾಗಿ ಯಂತ್ರ ಗಣನೆಗೆ ತೆಗೆದುಕೊಳ್ಳುವುದಿಲ್ಲ, ಅವನ್ನು ಟೈಪ್ ಮಾಡಲು ಪರದಾಡಬೇಕಿಲ್ಲ.

ಪ್ರಶ್ನೆಗೆ ಐದು ಮನೆ

ಈಗ ಎರಡನೆಯ ಬಗೆಯ ಹುಡುಕಾಟಕ್ಕೆ, ಅಂದರೆ ವಿಷಯದ ಬೆನ್ನು ಹತ್ತುವುದಕ್ಕೆ ಬರೋಣ. ಇಲ್ಲಿ ನಮಗೆ ನೆರವಾಗುವ ಹಿರಿಯರು ಬೆಂಗಳೂರಿನಲ್ಲೇ ಬಾಳಿ ಹೋದವರು: ಎಸ್.ಆರ್. ರಂಗನಾಥನ್.

ತಂಜಾವೂರು ಜಿಲ್ಲೆಯ ಶೀಯಾಳಿಯಲ್ಲಿ 1892ರಲ್ಲಿ ಹುಟ್ಟಿದ ರಂಗನಾಥನ್ ಗಣಿತದ ಮೇಷ್ಟರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸ ಹಿಡಿಸಲಿಲ್ಲ. ಪಾಠ ಮಾಡುವುದಕ್ಕೇ ಹಿಂದಿರುಗುವ ಮನಸ್ಸಿತ್ತು. ತರಬೇತಿಗೆಂದು ಲಂಡನ್ನಿಗೆ ಹೋದವರು ಅಲ್ಲಿನ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆಯನ್ನು ಕಂಡರು. ಕೆಲವೇ ಬಿಡಿಭಾಗಗಳನ್ನು ಬೇರೆ ಬೇರೆ ರೀತಿ ಜೋಡಿಸಿ ನಾನಾ ಆಕಾರ ಮಾಡಬಹುದಾದರೆ, ವಿಷಯಗಳನ್ನೂ ಹಾಗೇ ಬಿಡಿಭಾಗಗಳಿಂದ ಕಟ್ಟಬಹುದಲ್ಲ ಎಂಬ ಹೊಳಹು ಅವರಿಗೆ ಬಂತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಇದರ ಫಲ. ಅದಕ್ಕೆ ಎರಡು ವರ್ಷ ಮುಂಚೆ, 1931ರಲ್ಲಿ, ಅವರ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳು ಹೊರಬಂದಿದ್ದವು. ಓದುಗರ ಸಮಯ ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಂಗವಾಗಿ ಡಾಕ್ಯುಮೆಂಟೇಷನ್ ರಿಸರ್ಚ್ ಆ್ಯಂಡ್ ಟ್ರೇನಿಂಗ್ ಸೆಂಟರ್ ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು.

ಯಾವ ವಿಷಯವನ್ನಾದರೂ ಐದು ಮುಖಗಳಾಗಿ ಬಿಡಿಸಬಹುದು ಎನ್ನುತ್ತಾರೆ ರಂಗನಾಥನ್: ಮುಖ್ಯ ವಸ್ತು, ದ್ರವ್ಯ, ಕ್ರಿಯೆ, ಸ್ಥಳ, ಕಾಲ. ಅವರು ಇದನ್ನು ರೂಪಿಸಿದ್ದು ಪುಸ್ತಕಕ್ಕೆ ವರ್ಗಾಂಕ ಕೊಡುವವರಿಗಾಗಿ. ಆದರೆ ಹುಡುಕುವವರಿಗೂ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಬಿಡಿಸೋಣ. ವಸ್ತು: ಕೆರೆ. ದ್ರವ್ಯ: ನೀರು. ಕ್ರಿಯೆ: ನಿರ್ವಹಣೆ, ಹೂಳೆತ್ತುವುದು, ನೀರು ಹಂಚುವುದು. ಸ್ಥಳ: ಹಳೆ ಮೈಸೂರು. ಕಾಲ: ಹತ್ತೊಂಬತ್ತನೇ ಶತಮಾನ. ಒಂದು ಹಾಳೆಯ ಮೇಲೆ ಐದು ಮನೆ ಗೀಚಿ ಒಂದೊಂದರಲ್ಲೂ ಬದಲಿ ಪದಗಳನ್ನು ತುಂಬುತ್ತ ಹೋಗಿ. ಎಲ್ಲ ಮನೆಯೂ ತುಂಬಲೇಬೇಕೆಂದಿಲ್ಲ.

ಕೆರೆಯ ಮನೆಯಲ್ಲಿ: ಕೆರೆ, ಟ್ಯಾಂಕ್, ಇರಿಗೇಷನ್, ನೀರಾವರಿ, ಮೈನರ್ ಇರಿಗೇಷನ್, ರಿಸರ್ವಾಯರ್. ಸ್ಥಳದ ಮನೆಯಲ್ಲಿ ಇತಿಹಾಸ ಬೇಕಾಗುತ್ತದೆ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಪುಸ್ತಕಗಳಲ್ಲಿ ‘ಮೈಸೂರ್’ ಎಂದೇ ಇರುತ್ತದೆ. ಕರಾವಳಿಯಾದರೆ ‘ಕೆನರಾ’, ಕೊಡಗಾದರೆ ‘ಕೂರ್ಗ್’. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಿಂದ ಬದಲಾಯಿತು; ಕ್ಯಾಟಲಾಗಿನ ಹಳೆಯ ದಾಖಲೆಗಳು ಬದಲಾಗಲಿಲ್ಲ. ‘ಕಲಬುರಗಿ’ ಎಂದು ಹುಡುಕುವವರು ‘ಗುಲ್ಬರ್ಗಾ’ ಎಂದೂ ಹುಡುಕಲೇಬೇಕು.

ಈಗ ಜೋಡಿಸುವ ಕೆಲಸ. ಇಂಗ್ಲಿಷ್ ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ಯೋಚನೆಯ ನಿಯಮಗಳ ಮೇಲೆ ಗ್ರಂಥವೊಂದನ್ನು ಬರೆದ. ಅವನ ತರ್ಕದಿಂದ ಬಂದ ಮೂರು ಪದಗಳು ಇವತ್ತು ಎಲ್ಲ ಹುಡುಕು ಪೆಟ್ಟಿಗೆಗಳ ಹಿಂದೆ ಇವೆ: ಆ್ಯಂಡ್, ಆರ್, ನಾಟ್. ನೆನಪಿಡುವುದು ಸುಲಭ. ಒಂದೇ ಮನೆಯೊಳಗಿನ ಬದಲಿ ಪದಗಳ ನಡುವೆ ಆರ್. ಮನೆ ಮನೆಗಳ ನಡುವೆ ಆ್ಯಂಡ್. ಇಂಗ್ಲಿಷ್ ಅಕ್ಷರದಲ್ಲಿ ‘(ಟ್ಯಾಂಕ್* ಆರ್ ಇರಿಗೇಷನ್) ಆ್ಯಂಡ್ (ಮೈಸೂರ್ ಆರ್ ಕರ್ನಾಟಕ)’ ಎಂದು ಟೈಪ್ ಮಾಡಿದರೆ ಆಯಿತು. ಮೊದಲ ಸಲವೇ ಐದೂ ಮನೆಗಳನ್ನು ತುರುಕಬೇಡಿ. ಎರಡು ಮನೆಯಿಂದ ಶುರು ಮಾಡಿ, ಪಟ್ಟಿ ತೀರಾ ಉದ್ದ ಬಂದರೆ ಮೂರನೆಯದನ್ನು ಸೇರಿಸಿ. ಏನೂ ಬರದಿದ್ದರೆ ಒಂದನ್ನು ತೆಗೆಯಿರಿ.

ಬರುವುದೆಲ್ಲ ಬೇಕಾದದ್ದೇ ಆಗಿರುವುದಿಲ್ಲ. ‘ಕೆರೆ*’ ಎಂದು ಹಾಕಿದರೆ ಜನಪದ ಕಥನಗೀತೆ ‘ಕೆರೆಗೆ ಹಾರ’ ಬರುತ್ತದೆ, ಯಕ್ಷಗಾನದ ಕೆರೆಮನೆ ಮನೆತನದ ಮೇಲಿನ ಪುಸ್ತಕವೂ ಬಂದೀತು. ‘ಟ್ಯಾಂಕ್’ ಎಂದು ಮಾತ್ರ ಹಾಕಿದರೆ ಎರಡನೇ ಮಹಾಯುದ್ಧದ ಟ್ಯಾಂಕುಗಳು, ಸೆಪ್ಟಿಕ್ ಟ್ಯಾಂಕುಗಳು ಎಲ್ಲ ಮೆರವಣಿಗೆ ಬರುತ್ತವೆ. ನಾಟ್ ಬಳಸಿ ಅವನ್ನು ಓಡಿಸಬಹುದು. ಆದರೆ ಅದು ಹರಿತವಾದ ಕತ್ತಿ, ಬೇಕಾದದ್ದನ್ನೂ ತರಿದು ಹಾಕುತ್ತದೆ. ಅದರ ಬದಲು ‘ಟ್ಯಾಂಕ್ ಇರಿಗೇಷನ್’ ಎಂದು ಎರಡೂ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಅವು ಅಕ್ಕಪಕ್ಕ ಇರುವ ದಾಖಲೆಗಳನ್ನಷ್ಟೇ ಕೇಳುವುದು ಮೇಲು.

ಒಂದು ಸಿಕ್ಕರೆ ಹತ್ತು ಸಿಕ್ಕಂತೆ

ಹೀಗೆ ಹುಡುಕಿದಾಗ ಒಂದು ಒಳ್ಳೆಯ ಪುಸ್ತಕ ಸಿಕ್ಕಿತೆನ್ನಿ. ಜಿ.ಎಸ್. ದೀಕ್ಷಿತ್, ಜಿ.ಆರ್. ಕುಪ್ಪುಸ್ವಾಮಿ ಮತ್ತು ಎಸ್.ಕೆ. ಮೋಹನ್ 1993ರಲ್ಲಿ ತಂದ ‘ಟ್ಯಾಂಕ್ ಇರಿಗೇಷನ್ ಇನ್ ಕರ್ನಾಟಕ’ ಎಂದಿಟ್ಟುಕೊಳ್ಳೋಣ. ಬಹಳ ಮಂದಿ ಇಲ್ಲಿ ಪುಸ್ತಕದ ಜಾಗ ತೋರಿಸುವ ಕಾಲ್ ನಂಬರ್ ಗೀಚಿಕೊಂಡು ಎದ್ದುಬಿಡುತ್ತಾರೆ. ಅಸಲಿ ಕೆಲಸ ಶುರುವಾಗುವುದೇ ಇಲ್ಲಿಂದ. ಆ ದಾಖಲೆಯ ಕೆಳಗೆ ‘ಸಬ್ಜೆಕ್ಟ್’ ಎಂಬ ಸಾಲನ್ನು ನೋಡಿ. ‘ಇರಿಗೇಷನ್ — ಇಂಡಿಯಾ — ಕರ್ನಾಟಕ — ಹಿಸ್ಟರಿ’ ಎಂಬ ಧಾಟಿಯಲ್ಲಿ ಏನೋ ಇರುತ್ತದೆ. ಅದು ಮನಸ್ಸಿಗೆ ಬಂದಂತೆ ಬರೆದದ್ದಲ್ಲ. ಗೊತ್ತಾದ ಪಟ್ಟಿಯೊಂದರಿಂದ ಆರಿಸಿದ ಪದ. ಅದೇ ವಿಷಯದ ಪುಸ್ತಕ ಯಾವ ಹೆಸರಲ್ಲಿ ಬಂದಿರಲಿ, ಯಾವ ಭಾಷೆಯಲ್ಲಿರಲಿ, ಅದೇ ಸಾಲಿನಡಿ ಬಂದು ಸೇರಬೇಕೆಂಬುದು ಈ ಏರ್ಪಾಡಿನ ಉದ್ದೇಶ. ಆ ಸಾಲಿನ ಮೇಲೆ ಕ್ಲಿಕ್ ಮಾಡಿ. ಶೀರ್ಷಿಕೆಯಲ್ಲಿ ಟ್ಯಾಂಕ್ ಎಂದೂ ಇಲ್ಲದ, ಕೆರೆ ಎಂದೂ ಇಲ್ಲದ ಪುಸ್ತಕಗಳು ಆಗ ಎದುರಾಗುತ್ತವೆ.

ಕನ್ನಡ ಪುಸ್ತಕ ಹುಡುಕುವವರಿಗೆ ಇದರಲ್ಲೊಂದು ಲಾಭವೂ ಇದೆ. ನಮ್ಮ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಪುಸ್ತಕಕ್ಕೂ ವಿಷಯದ ಸಾಲನ್ನು ಇಂಗ್ಲಿಷಿನಲ್ಲೇ ಕೊಡುವ ರೂಢಿ. ‘ಇರಿಗೇಷನ್’ ಎಂದು ವಿಷಯದಲ್ಲಿ ಹುಡುಕಿ, ಪಕ್ಕದ ಫಿಲ್ಟರ್‌ಗಳಲ್ಲಿ ಭಾಷೆಯನ್ನು ‘ಕನ್ನಡ’ ಎಂದು ಆರಿಸಿದರೆ, ಕನ್ನಡ ಲಿಪಿಯಲ್ಲಿ ಎಷ್ಟು ತಡಕಾಡಿದರೂ ಸಿಗದ ಪುಸ್ತಕ ಕೈಗೆ ಬರಬಹುದು. ಆದರೆ ಈ ಪಟ್ಟಿಗಳೂ ನಿಂತ ನೀರಲ್ಲ. ಅಡುಗೆ ಪುಸ್ತಕಗಳಿಗೆ ‘ಕುಕರಿ’ ಎಂದಿದ್ದ ವಿಷಯವನ್ನು ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ‘ಕುಕಿಂಗ್’ 
ಎಂದು ಬದಲಿಸಿತು. ಹಳೆಯದನ್ನು ತಿದ್ದದ ಗ್ರಂಥಾಲಯದಲ್ಲಿ ಅರ್ಧ ಪುಸ್ತಕ ಅಲ್ಲಿ, ಅರ್ಧ ಇಲ್ಲಿ.

ರ‍್ಯಾಕಿನ ಮುಂದೆ

ಕಾಲ್ ನಂಬರ್ ಹಿಡಿದು ಒಳಗೆ ಹೋದವರಿಗೆ ಕಾಯುವ ಮೊದಲ ತಾಪತ್ರಯ ದಶಮಾಂಶದ್ದು. ಕನ್ನಡ ಕಾದಂಬರಿಯ 894.8143, ತೆಲುಗು ಸಾಹಿತ್ಯದ 894.827. ಮೊದಲು ಬರುವುದು ಯಾವುದು? ಎಂಟು ಸಾವಿರ ಚಿಲ್ಲರೆ ದೊಡ್ಡದು, ಎಂಟುನೂರು ಚಿಲ್ಲರೆ ಚಿಕ್ಕದು ಎಂದು ಲೆಕ್ಕ ಹಾಕಿದರೆ ದಾರಿ ತಪ್ಪಿತು. ಚುಕ್ಕಿಯ ಮುಂದಿನದನ್ನು ಒಂದೊಂದೇ ಅಂಕಿಯಾಗಿ ಹೋಲಿಸಬೇಕು: ಎಂಟಕ್ಕೆ ಎಂಟು ಸಮ, ಆಮೇಲೆ ಒಂದು, ಎರಡು. ಒಂದೇ ಮೊದಲು. ಹಾಗಾಗಿ 8143 ಮುಂಚೆ, 827 ಆಮೇಲೆ. ಅಂಕಿಯ ಕೆಳಗಿನ ಅಕ್ಷರಗಳು ಸಾಮಾನ್ಯವಾಗಿ ಲೇಖಕರ ಹೆಸರಿನ ಮೊದಲ ಭಾಗ.

ಎರಡನೆಯ ತಾಪತ್ರಯ ಇನ್ನೂ ದೊಡ್ಡದು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಹುಟ್ಟುಹಾಕಿದ ಪದ್ಧತಿ ಜ್ಞಾನವನ್ನು ಶಾಸ್ತ್ರಗಳಾಗಿ ಹಂಚುತ್ತದೆ. ಕೆರೆ ಒಂದು ಶಾಸ್ತ್ರವಲ್ಲ. ಕೃಷಿಯ ದೃಷ್ಟಿಯಿಂದ ನೀರಾವರಿ 631.587ರಲ್ಲಿ. ಎಂಜಿನಿಯರಿಂಗ್ ಆದರೆ 627.52. ನೀರಿನ ಹಕ್ಕು, ಅರ್ಥಶಾಸ್ತ್ರ ಎಂದರೆ 333.913. ಕರ್ನಾಟಕದ ಇತಿಹಾಸ 954.87. ಒಂದೇ ಕೆರೆಯ ನೀರು ನಾಲ್ಕು ರ‍್ಯಾಕುಗಳಲ್ಲಿ, ಕಟ್ಟಡ ದೊಡ್ಡದಾದರೆ ಮೂರು ಮಹಡಿಗಳಲ್ಲಿ ಹರಿದಿರುತ್ತದೆ. ವಿಷಯದ ಸಾಲಿನ ಮೇಲೆ ಕ್ಲಿಕ್ ಮಾಡಿದಾಗ ಬಂದ ಪಟ್ಟಿಯಲ್ಲಿ ಯಾವ ಯಾವ ವರ್ಗಾಂಕಗಳಿವೆ ಎಂದು ನೋಡಿಕೊಂಡರೆ ಯಾವ ರ‍್ಯಾಕುಗಳ ಮುಂದೆ ನಿಲ್ಲಬೇಕೆಂಬುದು ಗೊತ್ತಾಗುತ್ತದೆ. ನಿಂತ ಮೇಲೆ ಎಡಕ್ಕೂ ಬಲಕ್ಕೂ ಕಣ್ಣಾಡಿಸಿ. ಓಪ್ಯಾಕ್‌ನಲ್ಲಿ ಕಾಲ್ ನಂಬರ್ ಆಗಿ ‘333.913*’ ಎಂದು ಹಾಕಿದರೆ ಕುಳಿತಲ್ಲೇ ಆ ರ‍್ಯಾಕನ್ನು ನೋಡಿದಂತೆ. ಇಶ್ಯೂ ಆಗಿ ಹೊರಗೆ ಹೋಗಿರುವ ಪುಸ್ತಕವೂ ಅಲ್ಲಿ ಕಾಣುತ್ತದೆ, ರ‍್ಯಾಕಿನಲ್ಲಿ ಕಾಣುವುದಿಲ್ಲ.

ಹೊರಡುವ ಮುನ್ನ ದಾಖಲೆಯಲ್ಲಿ ಪುಸ್ತಕ ಎಲ್ಲಿದೆ, ಹೇಗಿದೆ ಎಂಬುದನ್ನು ಓದಿ. ‘ರೆಫರೆನ್ಸ್’ ಎಂದಿದ್ದರೆ ಮನೆಗೆ ಒಯ್ಯುವಂತಿಲ್ಲ. ವಿಭಾಗದ ಲೈಬ್ರರಿ ಎಂದಿದ್ದರೆ ಬೇರೆ ಕಟ್ಟಡಕ್ಕೆ ನಡೆಯಬೇಕು. ಇಶ್ಯೂ ಆಗಿದ್ದರೆ ರಿಸರ್ವ್ ಮಾಡಬಹುದು. ‘ಅವೈಲಬಲ್’ ಎಂದಿದ್ದೂ ಜಾಗದಲ್ಲಿ ಇಲ್ಲದಿದ್ದರೆ ಓದುವ ಮೇಜುಗಳ ಮೇಲೆ, ವಾಪಸಾದ ಪುಸ್ತಕಗಳ ತಳ್ಳುಗಾಡಿಯಲ್ಲಿ ನೋಡಿ. ಆಮೇಲೆ ಸಿಬ್ಬಂದಿಯನ್ನು ಕೇಳಿ.

ಓಪ್ಯಾಕ್‌ನ ಬೇಲಿಯಾಚೆ

ಓಪ್ಯಾಕ್‌ನಲ್ಲಿ ಎಂದೂ ಸಿಗದ ಸಂಗತಿಗಳಿವೆ ಎಂಬುದು ಗೊತ್ತಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಪತ್ರಿಕೆಗಳ ಹೆಸರು ಅದರಲ್ಲಿರುತ್ತದೆ, ಅವುಗಳೊಳಗಿನ ಲೇಖನಗಳು ಇರುವುದಿಲ್ಲ. ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿಗೆ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಹೆಸರುಗಳಿವೆ. ಅವನ್ನು ಓಪ್ಯಾಕ್‌ಗೆ ಕೊಟ್ಟರೆ ಅದು ಕೈ ಚೆಲ್ಲುತ್ತದೆ. ಅವನ್ನು ಹುಡುಕಬೇಕಾದದ್ದು ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಒಳಗೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬರೆದ, 1807ರಲ್ಲಿ ಅಚ್ಚಾದ ಪ್ರವಾಸಕಥನದಲ್ಲಿ ಕೆರೆಗಳ ವಿವರ ಧಾರಾಳವಾಗಿದೆ. ಕ್ಯಾಟಲಾಗಿನಲ್ಲಿ ಅದು ಬರಿಯ ಪ್ರವಾಸ ಪುಸ್ತಕ. ಓಪ್ಯಾಕ್ ನಿಮ್ಮನ್ನು ಸಂಪುಟದ ತನಕ ತಲುಪಿಸುತ್ತದೆ, ಅಲ್ಲಿಂದ ಮುಂದೆ ಪುಸ್ತಕದ ಕೊನೆಯ ಪದಸೂಚಿಯೇ ಗತಿ.

ಪಿಎಚ್.ಡಿ. ಪ್ರಬಂಧಗಳಿಗೆ ಬೇರೆ ಮನೆ: ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ. ಯುಜಿಸಿಯ 2009ರ ನಿಯಮಾವಳಿ ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ಕೊಡುವುದನ್ನು ಕಡ್ಡಾಯ ಮಾಡಿದ ಮೇಲೆ ಅದು ಬೆಳೆಯಿತು. ಅಧ್ಯಾಯವಾರು ಪಿಡಿಎಫ್ ಸಿಗುತ್ತದೆ. ಮೊದಲು ತೆಗೆಯಬೇಕಾದದ್ದು ಕೊನೆಯ ಗ್ರಂಥಋಣದ ಪುಟಗಳು. ನಿಮ್ಮ ವಿಷಯದಲ್ಲಿ ಒಬ್ಬರು ವರ್ಷಗಟ್ಟಲೆ ಹುಡುಕಿ ಕಲೆಹಾಕಿದ ಪಟ್ಟಿ ಅಲ್ಲಿ ಸಿದ್ಧವಾಗಿದೆ. ನಿಮ್ಮ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕ ದೇಶದ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ತಿಳಿಯಲು ಅದೇ ಸಂಸ್ಥೆಯ ಇಂಡ್‌ಕ್ಯಾಟ್ ಇದೆ. ಜಗತ್ತಿನಲ್ಲಿ ಎಲ್ಲಿದೆ ಎಂದರೆ ವರ್ಲ್ಡ್‌ಕ್ಯಾಟ್.

ಹಳೆಯ ಕನ್ನಡ ಪುಸ್ತಕವೊಂದು ಶಿಕಾಗೊದಲ್ಲೋ ಬರ್ಕ್ಲಿಯಲ್ಲೋ ಇದೆಯೆಂದು ವರ್ಲ್ಡ್‌ಕ್ಯಾಟ್ ತೋರಿಸಿದರೆ ಬೆರಗಾಗಬೇಕಿಲ್ಲ. ಅಮೆರಿಕ 1954ರ ಪಿಎಲ್-480 ಕಾನೂನಿನಡಿ ಭಾರತಕ್ಕೆ ಗೋಧಿ ಕೊಟ್ಟು ಹಣವನ್ನು ರೂಪಾಯಿಯಲ್ಲಿ ಪಡೆಯುತ್ತಿತ್ತು. ಆ ರೂಪಾಯಿಯಲ್ಲಿ ಒಂದು ಪಾಲನ್ನು ಬಳಸಿ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ರವಾನಿಸಿತು. ಪುಸ್ತಕ ತರಿಸಿಕೊಳ್ಳಲು ಆಗದಿದ್ದರೂ ಅಲ್ಲಿನ ದಾಖಲೆಯಲ್ಲಿ ಶೀರ್ಷಿಕೆಯ ಸರಿಯಾದ ರೂಪ, ಪ್ರಕಾಶಕರು, ವರ್ಷ ಸಿಗುತ್ತವೆ. ಅವನ್ನು ಹಿಡಿದುಕೊಂಡು ಮತ್ತೆ ನಮ್ಮೂರಿನ ಕ್ಯಾಟಲಾಗಿಗೆ ಬಂದರೆ ಸಿಗುವ ಸಾಧ್ಯತೆ ಹೆಚ್ಚು.

ಅದೇ ಕೆಲಸಕ್ಕೆ ಅಚ್ಚಿನ ಪಟ್ಟಿಗಳೂ ಇವೆ. ಪ್ರಾಚೀನ ಸಾಹಿತ್ಯಕ್ಕೆ ಆರ್. ನರಸಿಂಹಾಚಾರ್ಯರು 1907ರಿಂದ 1929ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ‘ಕರ್ಣಾಟಕ ಕವಿಚರಿತೆ’. ಇಪ್ಪತ್ತನೇ ಶತಮಾನದ ಮೊದಲರ್ಧಕ್ಕೆ ಬಿ.ಎಸ್. ಕೇಶವನ್ ಮುಂದಾಳುತನದಲ್ಲಿ ಸಾಹಿತ್ಯ ಅಕಾಡೆಮಿ ತಂದ, 1901ರಿಂದ 1953ರ ತನಕದ ರಾಷ್ಟ್ರೀಯ ಗ್ರಂಥಸೂಚಿಯ ಕನ್ನಡ ಭಾಗ. ಇನ್ನು ಎಷ್ಟೋ ಕಡೆ ಹಳೆಯ ಸಂಗ್ರಹ ಪೂರ್ತಿಯಾಗಿ ಕಂಪ್ಯೂಟರಿಗೆ ಏರಿಲ್ಲ. ಜಗತ್ತಿನ ಗ್ರಂಥಾಲಯಗಳಿಗೆ ಕ್ಯಾಟಲಾಗ್ ಕಾರ್ಡ್ ಮುದ್ರಿಸಿ ಕೊಡುತ್ತಿದ್ದ ಅಮೆರಿಕದ ಒಸಿಎಲ್‌ಸಿ ಸಂಸ್ಥೆ 2015ರ ಅಕ್ಟೋಬರ್ 1ರಂದು ಕೊನೆಯ ಕಾರ್ಡುಗಳನ್ನು ಮುದ್ರಿಸಿ ಕೈತೊಳೆದುಕೊಂಡಿತು. ಆದರೆ ನಿಮ್ಮ ಗ್ರಂಥಾಲಯದ ಮೂಲೆಯಲ್ಲಿ ಮರದ ಕಾರ್ಡ್ ಡ್ರಾಯರುಗಳು ಇನ್ನೂ ಇದ್ದರೆ, ಓಪ್ಯಾಕ್ ‘ಇಲ್ಲ’ ಎಂದದ್ದನ್ನು ಅಲ್ಲೊಮ್ಮೆ ನೋಡದೆ ಬರಬೇಡಿ.

ಓದುಗರ ಪಾಲಿನ ಕೆಲಸ

ಇಷ್ಟೆಲ್ಲ ಮಾಡಿದರೂ ತಪ್ಪು ದಾಖಲೆ ಎದುರಾಗುತ್ತದೆ. ಲೇಖಕರ ಹೆಸರು ಅನುವಾದಕರ ಜಾಗದಲ್ಲಿ, ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಅರ್ಥವಾಗದ ಚಿಹ್ನೆಗಳಾಗಿ, ‘ಶಾಸನ’ ಎಂಬುದು ‘ಶಸನ’ ಆಗಿ. ಸಾವಿರಾರು ಪುಸ್ತಕಗಳನ್ನು ಬೆರಳೆಣಿಕೆಯ ಸಿಬ್ಬಂದಿ ಅವಸರದಲ್ಲಿ ಕಂಪ್ಯೂಟರಿಗೆ ಏರಿಸಿದಾಗ ಇದು ಆಗದಿದ್ದರೆ ಆಶ್ಚರ್ಯ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದು ರಂಗನಾಥನ್ ಅವರ ಮೂರನೆಯ ಸೂತ್ರ. ದಾಖಲೆ ತಪ್ಪಾದ ಪುಸ್ತಕಕ್ಕೆ ಆ ಓದುಗ ಸಿಗುವುದೇ ಇಲ್ಲ; ಅದು ರ‍್ಯಾಕಿನಲ್ಲಿದ್ದೂ ಕಳೆದುಹೋದ ಲೆಕ್ಕ.

ಇದನ್ನು ಗ್ರಂಥಪಾಲಕರು ತಾವಾಗಿಯೇ ಕಂಡುಹಿಡಿಯುವುದು ಕಷ್ಟ, ಏಕೆಂದರೆ ಆ ಪುಸ್ತಕ ಕೈಯಲ್ಲಿ ಹಿಡಿದು ಆ ಸಾಲನ್ನೂ ಓದುವವರು ನೀವೇ. ಆದ್ದರಿಂದ ದೂರು ಎಂದಲ್ಲದೆ ನೆರವು ಎಂದುಕೊಂಡು ಒಂದು ಚೀಟಿ ಬರೆಯಿರಿ. ಮುಖಪುಟದ ಹಿಂದೆಯೋ ಒಳಗಿನ ಮೊಹರಿನಲ್ಲೋ ಇರುವ ಆಕ್ಸೆಷನ್ ನಂಬರ್, ದಾಖಲೆಯಲ್ಲಿ ಈಗ ಏನಿದೆ, ಏನಿರಬೇಕು, ಈ ಮೂರೇ ಸಾಲು ಸಾಕು. ತಿದ್ದಲು ಅವರಿಗೆ ಹಿಡಿಯುವುದು ಕೆಲವೇ ನಿಮಿಷ, ಉಪಯೋಗ ಮಾತ್ರ ಮುಂದೆ ಹುಡುಕುವವರೆಲ್ಲರಿಗೂ.